ನಲವತ್ತೊಂದನೆಯ ನಿಮಿಷ

ಗಾಯಕಿ ಜಾನಕೀಬಾಯಿ ಕಾರಿನ ಹಿಂದಿನ ಸೀಟಿನಲ್ಲಿ ಕೂಡುತ್ತಾರೆಂದೇ ಸುರೇಶ ಎರಡು ದಿನದಿಂದ ಅಂದುಕೊಂಡಿದ್ದ. ಹಿಂದಿನ ಸೀಟನ್ನೇ ಒರೆಸಿದ್ದ, ಅಲ್ಲಿಯೇ ಹೊಸ ಟವೆಲ್ಲು ಹಾಸಿದ್ದ, ನೀರಿನ ಬಾಟಲಿಯನ್ನೂ ಅಲ್ಲಿ ಕೈಗೆ ಎಟಕುವ ಹಾಗೆ ಇಟ್ಟಿದ್ದ. ಹಿಂದೆ ಕೂತರೆ ಕನ್ನಡಿಯಲ್ಲಿ ಅವರ ಹಣೆಯಷ್ಟೇ ಕಾಣುತ್ತದೆ, ಅಷ್ಟಾದರೆ ಹೇಗೋ ನಿಭಾಯಿಸಬಲ್ಲೆ ಎಂಬ ಧೈರ್ಯವಿತ್ತು. ಆದರೆ ಅವರು ಹಾವೇರಿಯ ತಮ್ಮ ತಂಗಿಯ ಮಗಳ ಮನೆಯ ಮೆಟ್ಟಿಲಿಳಿದು ಬಂದವರೇ ತಂಬೂರಿಯನ್ನು ಆ ಟವೆಲ್ಲಿನ ಮೇಲೆ ಉದ್ದಕ್ಕೆ ಮಲಗಿಸಿ, ಮುಂದಿನ ಬಾಗಿಲು ತೆಗೆದು ಅವನ ಪಕ್ಕದಲ್ಲಿ ಕೂತುಬಿಟ್ಟರು. "ಹಿಂದ ಕೂತ್ರ ನನಗ ಹೊಟ್ಟಿ ತೊಳಸ್ತದ," ಎಂದರು. ಅವರ ಸೀರೆಯ ನ್ಯಾಫ್ತಲಿನ್ ಗುಳಿಗೆಯ ವಾಸನೆ, ಜ್ಯೇಷ್ಠಮಧುವಿನ ಕಡ್ಡಿಯನ್ನು ದವಡೆಯಲ್ಲಿ ಅದುಮಿಕೊಂಡಿದ್ದ ಸಣ್ಣ ಸಪ್ಪಳ, ಎಪ್ಪತ್ತರ ಆಸುಪಾಸಿನ ಅವರ ಮೊಣಕೈ, ಎಲ್ಲವೂ ಗೇರಿನ ಹಿಡಿಯ ಈಚೆಗೇ ಇದ್ದವು. ಇಪ್ಪತ್ತಾರು ವರ್ಷ ಧಾರವಾಡ, ಗದಗ, ಸಿರಸಿ ಎಂದು ಬಸ್ಸು ಹಿಡಿದು ಹೋಗಿ ಕೇಳಿದ ದನಿ ಒಂದು ಗೇಣು ದೂರದಲ್ಲಿ ಸೀಟ್ ಬೆಲ್ಟು ಎಲ್ಲಿದೆ ಎಂದು ಕೇಳುತ್ತಿತ್ತು. ಅದನ್ನು ತೋರಿಸುವಾಗ ಸುರೇಶ, ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ಹೇಳಿದ. "ನಾ ಸುರೇಶರಿ, ಬಾಯೀ. ಕನ್ನಡಕದ ಅಂಗಡಿ ಅದ ನಂದು. ಹನ್ನೊಂದು ವರ್ಷದ ಹಿಂದ ಸಿರಸಿಯೊಳಗ ನಿಮ್ಮ ಸಹಿ ತೊಗೊಂಡಿದ್ದೆ. ಯಾ ಊರು ಅಂತ ಕೇಳಿದ್ರಿ. ಹಾವೇರಿ ಅಂದೆ. ಛಲೋ ಅಂದಿದ್ರಿ." ಜಾನಕೀಬಾಯಿ ಬೆಲ್ಟಿನ ಕೊಂಡಿ ಸಿಕ್ಕ ಖುಷಿಯಲ್ಲಿ, "ಹೌದೇನು? ಅಂದಿರಬೇಕು," ಎಂದರು.

ಆ 'ಛಲೋ' ಎಂಬ ಒಂದು ಶಬ್ದವನ್ನು ಅವನು ಹನ್ನೊಂದು ವರ್ಷ ಸಾಕಿದ್ದ. ಅಂಗಡಿಗೆ ಬಂದವರ ಕಣ್ಣಿನ ಮುಂದೆ ಗಾಜು ಬದಲಿಸುತ್ತ ಬದಲಿಸುತ್ತ ಅದು ಬೆಳೆದು, ಜಾನಕೀಬಾಯಿ ತನ್ನನ್ನು ಚೆನ್ನಾಗಿ ಬಲ್ಲರು ಎಂಬಲ್ಲಿಗೆ ಬಂದು ನಿಂತಿತ್ತು. ಹೆಂಡತಿ ಮೃಣಾಲಿನಿಯೂ ಅದನ್ನು ನಂಬಿದ್ದಳು. ರಾಣೆಬೆನ್ನೂರಿನ ಸಂಗೀತ ಸಭಾದ ಕಾರ್ಯದರ್ಶಿ ವಿಕಾಸನೂ ನಂಬಿದ್ದರಿಂದಲೇ ಹೋದ ವಾರ ಫೋನು ಮಾಡಿ, "ಬಾಯಿಯವರು ನಾಲ್ಕು ವರ್ಷದ ಮ್ಯಾಲೆ ಮೊದಲ್ನೇ ಸಲ ಹಾಡಾಕ ಒಪ್ಯಾರ. ಅವರನ್ನ ಹಾವೇರಿಯಿಂದ ಕರ್ಕೊಂಡು ಬರೂ ಭಾಗ್ಯ ನಿನ್ನ ಬಿಟ್ಟು ಯಾರಿಗೆ ಕೊಡೂಣು?" ಎಂದಿದ್ದ. ಆಗ ಆಗುವುದಿಲ್ಲ ಅನ್ನಬೇಕಿತ್ತು. ಆಗುವುದಿಲ್ಲ ಅಂದರೆ ಯಾಕೆ ಎಂದು ಕೇಳುತ್ತಿದ್ದ, ಆ ಯಾಕೆ ಎಂಬುದನ್ನು ಸುರೇಶ ಇನ್ನೂ ಯಾರಿಗೂ ಹೇಳಿರಲಿಲ್ಲ. ಮುಂಜಾನೆ ಮೃಣಾಲಿನಿ ಅಂಗಿಗೆ ಇಸ್ತ್ರಿ ಮಾಡಿ ಕೊಡುತ್ತ, "ಮಾರಿ ಯಾಕ ಹಂಗ ಮಾಡೀರಿ? ಖುಷಿ ಇಲ್ಲೇನು?" ಎಂದಾಗ, "ಟ್ರಾಫಿಕ್ಕಿಂದು ಚಿಂತಿ," ಎಂದಿದ್ದ. ಹಾವೇರಿಯಿಂದ ರಾಣೆಬೆನ್ನೂರಿಗೆ ಅರ್ಧ ತಾಸಿನ ದಾರಿ. ಅವಳು ನಕ್ಕಿದ್ದಳು.

ಹೆದ್ದಾರಿಗೆ ಬಂದ ಮೇಲೆ ಜಾನಕೀಬಾಯಿ ಕಿಟಕಿಯ ಗಾಜು ಏರಿಸಿ ಕಣ್ಣು ಮುಚ್ಚಿದರು. ಗುನುಗುತ್ತಾರೇನೋ ಎಂದು ಸುರೇಶ ಕಾದ. ಗುನುಗಲಿಲ್ಲ. ನಾಲ್ಕು ವರ್ಷದ ಹಿಂದೆ ಆವತ್ತೂ ಅವರು ಹಾಡುವ ಮುಂಚೆ ಹೀಗೆಯೇ ಕಣ್ಣು ಮುಚ್ಚಿ ಕೂತಿದ್ದರು. ಧಾರವಾಡದ ಆ ಸಭಾಗೃಹದಲ್ಲಿ ಅವನು ಮೂರನೆಯ ಸಾಲಿನಲ್ಲಿ, ಕಂಬದ ಪಕ್ಕ. ಯಾರೂ ರೆಕಾರ್ಡು ಮಾಡಬಾರದು ಎಂದು ಅವರೇ ಕೈಮುಗಿದು ಹೇಳಿದ್ದರು. "ಇವತ್ತಿಂದು ಇವತ್ತಿಗೇ ಇರ್ಲಿ," ಎಂದಿದ್ದರು. ಅವನೂ ತಲೆಯಾಡಿಸಿದ್ದ. ತಲೆಯಾಡಿಸುತ್ತಲೇ ಅಂಗಿಯ ಕಿಸೆಯೊಳಗಿನ ಫೋನಿನ ಗುಂಡಿ ಒತ್ತಿದ್ದ. ಅದೇನೂ ಕಳವು ಅನ್ನಿಸಿರಲಿಲ್ಲ. ಹರಿವ ನೀರಿನಿಂದ ಒಂದು ತಂಬಿಗೆ ತುಂಬಿಕೊಂಡ ಹಾಗಷ್ಟೇ. ಮುಲ್ತಾನಿ ರಾಗ ಹಾಡಿದರು. ವಿಸ್ತಾರ ಮೇಲೇರುತ್ತ ಏರುತ್ತ ತಾರಷಡ್ಜಕ್ಕೆ, ಮೇಲಿನ 'ಸಾ'ಗೆ, ಬಂದಾಗ ಅವರ ದನಿ ಒಡೆಯಿತು. ಒಣಗಿದ ಟೊಂಗೆ ಮುರಿದಂಥ ಸಪ್ಪಳ. ಸಭೆ ಉಸಿರು ಹಿಡಿಯಿತು. ಅವರು ನಿಲ್ಲಿಸಲಿಲ್ಲ, ಆ ಒಡಕಿನೊಳಗಿಂದಲೇ ಕೈ ಊರಿ ಮತ್ತೆ ಮೇಲೆದ್ದು ಷಡ್ಜವನ್ನು ಮುಟ್ಟಿದರು. ಸುರೇಶ ಅತ್ತುಬಿಟ್ಟಿದ್ದ. ಇಪ್ಪತ್ತಾರು ವರ್ಷದಲ್ಲಿ ಕೇಳಿದ ಸಾವಿರ ನಿರ್ದೋಷ ಷಡ್ಜಗಳಲ್ಲಿ ಯಾವುದೂ ಅವನನ್ನು ಹಾಗೆ ಮುಟ್ಟಿರಲಿಲ್ಲ. ಅದನ್ನು ಒಬ್ಬನೇ ಇಟ್ಟುಕೊಳ್ಳಲು ಆಗಲಿಲ್ಲ. ಬರಲಾಗದ ಆರು ಜನ ರಸಿಕ ಗೆಳೆಯರಿಗೆ ಕಳಿಸಿದ. ಕೆಳಗೆ ತಾನೇ ಬರೆದ: 'ನಲವತ್ತೊಂದನೆಯ ನಿಮಿಷ ಕೇಳ್ರಿ.'

ಆ ಆರು ಜನ ಯಾರಾರಿಗೆ ಕಳಿಸಿದರೋ. ವಾರದೊಳಗೆ ಯಾವನೋ ನಲವತ್ತೊಂದನೆಯ ನಿಮಿಷವನ್ನಷ್ಟೇ ಕತ್ತರಿಸಿ, ಹದಿನಾಲ್ಕು ಸೆಕೆಂಡಿನ ತುಣುಕು ಮಾಡಿ, ಒಡಕಿನ ಜಾಗದಲ್ಲಿ ಹುಂಜದ ಚಿತ್ರ ಹಚ್ಚಿದ್ದ. ಅವರು ಮತ್ತೆ ಎದ್ದು ಷಡ್ಜ ಮುಟ್ಟಿದ್ದು ಆ ತುಣುಕಿನಲ್ಲಿ ಇರಲಿಲ್ಲ. ಅದು ಸುರೇಶನ ಅಂಗಡಿಗೂ ಬಂತು. ಕನ್ನಡಕದ ಅಳತೆ ಕೊಡಲು ಬಂದ ಹುಡುಗಿಯೊಬ್ಬಳು ಅದನ್ನು ನೋಡಿ ನಗುತ್ತಿದ್ದಳು, ಅವಳ ಕಿವಿಯ ಹಿಂದೆ ಕಡ್ಡಿ ಸರಿಮಾಡುತ್ತ ಅವನೂ ಹಲ್ಲು ತೋರಿಸಿದ್ದ. ಆ ಹಲ್ಲು ತೋರಿಸಿದ್ದು ಉಳಿದೆಲ್ಲಕ್ಕಿಂತ ಹೆಚ್ಚಾಗಿ ಅವನನ್ನು ಕಾಡುತ್ತಿತ್ತು. ಜಾನಕೀಬಾಯಿ ಅಂದಿನಿಂದ ಹಾಡುವುದನ್ನು ಬಿಟ್ಟರು.

ಮೋಟೆಬೆನ್ನೂರು ಹತ್ತಿರ ಬಂದಾಗ ಅವರು ಕಣ್ಣು ತೆರೆದರು. "ಇಲ್ಲಿಂದನ ಅಲ್ಲ ಬ್ಯಾಡಗಿಗೆ ಹೋಗೂದು? ಗಾಡಿ ಹೊಳ್ಳಸ್ರಿ."

ಸುರೇಶ ಬ್ರೇಕಿನ ಮೇಲೆ ಕಾಲಿಟ್ಟ. "ಬಾಯೀ, ಇವತ್ತು ಗುರುವಾರ ಅದರಿ. ಮೆಣಸಿನಕಾಯಿ ಪ್ಯಾಟಿ ದಿನ. ಊರ ತುಂಬ ಘಾಟು. ನಿಮ್ಮ ಗಂಟಲಾ..."

"ನನ್ನ ಗಂಟಲದ ಕಾಳಜಿ ನನಗ ಬಿಡ್ರಿ. ಯೂಸುಫಸಾಬರನ್ನ ನೋಡಬೇಕು. ಮೂವತ್ತು ವರ್ಷ ನನ್ನ ಬಾಜೂಕ ಹಾರ್ಮೋನಿಯಂ ನುಡಿಸ್ಯಾರ. ನಾಕು ವರ್ಷ ಆತು ಮಾತು ಬಿಟ್ಟು. ಹಾಡೂಕಿಂತ ಮೊದಲ ಅವರ ಮನೀ ಹೊಸ್ತಿಲಾ ತುಳೀಬೇಕು ಅಂತ ಮಾಡೇನಿ."

ಬಲಕ್ಕೆ ತಿರುಗುವುದನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ. ಊರು ಇನ್ನೂ ಎರಡು ಮೈಲು ಇರುವಾಗಲೇ ಗಾಳಿ ಚುರುಗುಟ್ಟತೊಡಗಿತು. ಚೀಲ ಹೇರಿದ ಲಾರಿಗಳ ಸಾಲು. ಒಂದರ ಹಿಂದೆ ಕಾರು ಸಿಕ್ಕಿಕೊಂಡಿತು, ಮುಂದೆಯೂ ಲಾರಿ, ಹಿಂದೆಯೂ ಲಾರಿ. ಗಾಜು ಏರಿಸಿದ್ದರೂ ಘಾಟು ಒಳಗೆ ನುಗ್ಗಿ ಸುರೇಶನಿಗೆ ಸೀನು ಬಂತು, ಕೆಮ್ಮು ಬಂತು, ಕಣ್ಣಲ್ಲಿ ನೀರು ಸುರಿಯಿತು. ಜಾನಕೀಬಾಯಿ ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಅಲುಗದೆ ಕೂತಿದ್ದರು. ಆ ಸೆರಗಿನೊಳಗಿಂದಲೇ ಹೇಳಿದರು: "ಧಾರವಾಡದ ಆ ರೆಕಾರ್ಡು ಊರಿಗೆಲ್ಲ ಬಿಟ್ಟಾಂವ ಯೂಸುಫಸಾಬರ ಮಗ. ಹನೀಫ. ತಬಲಾ ಸಾಥಿ ಮಾಡ್ತಿದ್ದ. ರಿಯಾಜಿಗೆ ಬೇಕಂತ ಅವ ಯಾವಾಗ್ಲೂ ರೆಕಾರ್ಡು ಮಾಡ್ಕೋತಿದ್ದ. ಅವಗ ಮಾತ್ರ ನಾ ಪರವಾನಗಿ ಕೊಟ್ಟಿದ್ದೆ. ನಂಬಿದ ಮನಿಯಿಂದನ ಬಂತಲ್ಲ ಅಂತ ಭಾಳ ಸಂಕಟಾತು." ಸುರೇಶನಿಗೆ ಇದು ಗೊತ್ತಿರಲಿಲ್ಲ. ನಾಲ್ಕು ವರ್ಷ ತನ್ನ ತಪ್ಪು ತನ್ನೊಳಗೇ ಇದೆ, ಅದನ್ನು ಹೊತ್ತವನು ತಾನೊಬ್ಬನೇ ಎಂದುಕೊಂಡಿದ್ದ. ಅದರಲ್ಲಿ ಒಂದು ಬಗೆಯ ಸಮಾಧಾನವೂ ಇತ್ತೆಂದು ಈಗ ಗೊತ್ತಾಯಿತು. ಬಾಗಿಲು ತೆಗೆದು ಇಳಿದು ಲಾರಿಗಳ ನಡುವೆ ಓಡಿಹೋಗಬೇಕು ಅನ್ನಿಸಿತು. ಕಣ್ಣಲ್ಲಿ ನೀರು ಬರುತ್ತಲೇ ಇತ್ತು. "ಕಣ್ಣ ತಿಕ್ಕಬ್ಯಾಡ್ರಿ, ನೀರು ಹಚ್ಚಿ ಒರಸ್ಕೋರಿ, ಕಡಿಮಿ ಆಗ್ತದ," ಎಂದು ಅವರು ಅದನ್ನು ಮೆಣಸಿನಕಾಯಿಯ ನೀರೆಂದೇ ತಿಳಿದು ಅಂದರು.

ಯೂಸುಫಸಾಬರ ಮನೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಸೊಸೆ ಸೈದಾಬಿ ಬಾಗಿಲು ತೆಗೆದವಳು ಗುರುತು ಹಿಡಿದು, ತಲೆಯ ಮೇಲೆ ಸೆರಗು ಎಳೆದುಕೊಂಡು ಒಳಗೆ ಓಡಿದಳು. ಮುದುಕರು ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಲಕ್ವಾ ಹೊಡೆದ ಎಡಗೈ ಮಡಿಲಲ್ಲಿ ಬಿದ್ದಿತ್ತು, ಅದು ಏಳುವಂತಿರಲಿಲ್ಲ. ಆ ಎಡಗೈ ಹಾರ್ಮೋನಿಯಮ್ಮಿನ ತಿದಿ ಒತ್ತುವುದನ್ನು ಸುರೇಶ ಎಷ್ಟೋ ಕಛೇರಿಗಳಲ್ಲಿ ನೋಡಿದ್ದ. ಜಾನಕೀಬಾಯಿ ಮಂಚದ ಅಂಚಿಗೆ ಕೂತರು. ಸೈದಾಬಿ ಚಹಾ ತಂದಿಟ್ಟಳು. ಸುರೇಶ ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಹಾದ ಕಪ್ಪುಬಸಿಯನ್ನು ಎರಡೂ ಕೈಯಿಂದ ಹಿಡಿದಿದ್ದ.

"ಹಾಡ್ತೀರಂತಲ್ರಿ ಇವತ್ತು," ಎಂದರು ಯೂಸುಫಸಾಬ. ನಾಲಗೆ ಸ್ವಲ್ಪ ತೊದಲುತ್ತಿತ್ತು.

"ಹಾಡ್ತೀನಿ. ಅದಕ್ಕ ಬಂದೆ. ಆದದ್ದು ಆಗಿಹೋತು, ಸಾಬ್ರ. ನಿಮ್ಮ ಹನೀಫನ ಮ್ಯಾಲೆ ನನಗ ಸಿಟ್ಟಿಲ್ಲ ಈಗ. ಕ್ಷಮಾ ಮಾಡೇನಿ ಅಂತ ಹೇಳಾಕ ಬಂದೆ."

ಮುದುಕರ ಕಣ್ಣು ತುಂಬಿತು. ನೆಟ್ಟಗಿದ್ದ ಬಲಗೈಯನ್ನು ಎದೆಗೆ ಇಟ್ಟುಕೊಂಡರು. "ದೊಡ್ಡ ಮನಸ್ಸು ನಿಮ್ದು. ಅಂವಾ ಕುರಾನ್ ಮುಟ್ಟಿ ಆಣಿ ಮಾಡಿದ್ದರಿ. ನಾ ಕೇಳ್ಲಿಲ್ಲ. ಕಪಾಳಕ್ಕ ಹೊಡದೆ. ಅವತ್ತಿಂದ ತಬಲಾ ಮುಟ್ಟಿಲ್ರಿ ಅಂವಾ."

ಈಗ ಹೇಳು, ಈಗ ಹೇಳು, ಎಂದು ಸುರೇಶನ ಒಳಗೆ ಯಾರೋ ಅಂದರು. ಚಹಾದ ಮೇಲೆ ಕೆನೆ ಕಟ್ಟುವುದನ್ನು ನೋಡುತ್ತ ಕೂತ. ಒಂದು ಮಾತು ಅಷ್ಟೇ, ಎರಡಕ್ಷರ. ಆದರೆ ಅದನ್ನು ಹೇಳಿದ ಮರುಗಳಿಗೆ ತಾನು ಯಾರಾಗಿ ಈ ಕುರ್ಚಿಯಲ್ಲಿ ಕೂತಿರುತ್ತೇನೆ? ಹೇಳದೆ ಇದ್ದರೆ ಇನ್ನು ಹತ್ತು ನಿಮಿಷಕ್ಕೆ ಎದ್ದು ಹೋಗಬಹುದು. ಕ್ಷಮೆ ಕೊಟ್ಟವರಿಗೂ ಪಡೆದವರಿಗೂ ನೆಮ್ಮದಿಯಾಗಿದೆ, ತಾನೇಕೆ ಕಲಕಬೇಕು, ಎಂದು ಇನ್ನೊಂದು ದನಿ ಎಷ್ಟು ಮೃದುವಾಗಿ ಹೇಳಿತೆಂದರೆ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆಗಲೇ ಹಿತ್ತಲ ಬಾಗಿಲಿನಿಂದ ಮಹಮ್ಮದ್ ಹನೀಫ್ ಊಟಕ್ಕೆ ಬಂದ. ಮೂವತ್ತು ದಾಟಿದವನು. ಅಂಗಿಯ ತುಂಬ ಕೆಂಪು ಧೂಳು, ಮುಖಕ್ಕೆ ಕಟ್ಟಿದ ಒದ್ದೆ ಬಟ್ಟೆ, ಕಣ್ಣು ಕೆಂಡ. ಪೇಟೆಯಲ್ಲಿ ಚೀಲ ಹೊಲಿಯುತ್ತಾನೆಂದು ಸೈದಾಬಿ ಹೇಳಿದ್ದಳು. ಅಪ್ಪ ತೊದಲುತ್ತ, "ಬಾಯಿಯವ್ರು ನಿನಗ ಕ್ಷಮಾ ಮಾಡ್ಯಾರೋ. ಕಾಲು ಮುಟ್ಟು," ಎಂದರು.

ಹನೀಫ್ ಬಟ್ಟೆ ಬಿಚ್ಚಿದ. ಜಾನಕೀಬಾಯಿಯವರ ಮುಂದೆ ನೆಲದ ಮೇಲೆ ಕೂತ. ಕಾಲು ಮುಟ್ಟಲಿಲ್ಲ. "ಅಮ್ಮಾ, ಮಾಡಿದ್ದಕ್ಕ ಕ್ಷಮಾ ತಗೋಬೇಕು. ಮಾಡ್ಲಾರದ್ದಕ್ಕ ಹೆಂಗ ತಗೊಳ್ಳಿ?"

"ಹನೀಫ..." ಎಂದರು ಅವರು. ಬೇಸರವಾದವರ ದನಿಯಿತ್ತು.

"ನಾನ್ರಿ," ಎಂದ ಸುರೇಶ.

ಯಾರಿಗೂ ಕೇಳಿಸಲಿಲ್ಲ. ಗಂಟಲು ಘಾಟಿಗೆ ಕಟ್ಟಿತ್ತು. ಕೆಮ್ಮಿ, ಬಸಿ ನೆಲಕ್ಕಿಟ್ಟು, ಎದ್ದು ನಿಂತು ಮತ್ತೊಮ್ಮೆ ಹೇಳಬೇಕಾಯಿತು. ಇಂಥ ಮಾತನ್ನು ಎರಡು ಸಲ ಹೇಳಬೇಕಾಗುತ್ತದೆಂದು ಅವನು ಎಂದೂ ಎಣಿಸಿರಲಿಲ್ಲ. "ರೆಕಾರ್ಡು ಮಾಡಿದಾಂವ ನಾನ್ರಿ. ಇವರಲ್ಲ. ನಾನ ಆರು ಮಂದಿಗೆ ಕಳಿಸಿದೆ."

ಹೊರಗೆ ಪೇಟೆಯಲ್ಲಿ ಹರಾಜು ಕೂಗುವುದು ಕೇಳಿಸುತ್ತಿತ್ತು. ಹನೀಫ್ ಎದ್ದು ಹೊಡೆಯುತ್ತಾನೆಂದು ಸುರೇಶ ಕಾದ, ಹೊಡೆದರೆ ಒಳ್ಳೆಯದಿತ್ತು. ಹನೀಫ್ ಅವನನ್ನು ದಿಟ್ಟಿಸಿ ನೋಡಿ, "ಎಲ್ಲಿ ಕುಂತಿದ್ರಿ?" ಎಂದು ಕೇಳಿದ.

"ಮೂರನೇ ಸಾಲು. ಕಂಬದ ಬಾಜೂಕ."

"ಹೌದು. ನಾ ನಿಮ್ಮನ್ನ ನೋಡೇನಿ," ಎಂದ ಹನೀಫ್ ನಿಧಾನಕ್ಕೆ. "ಅಮ್ಮನ ದನಿ ಒಡದಾಗ ನೀವು ಅಳಾಕತ್ತಿದ್ರಿ. ಯಾರ್ ಮಾಡಿರಬೇಕು ಅಂತ ನಾಕು ವರ್ಷ ಆ ಸಭಾದಾಗಿನ ಒಂದೊಂದ ಮಾರಿ ನೆನಪ ಮಾಡ್ಕೊಂಡೇನಿ. ನಿಮ್ಮ ಮಾರಿ ಬಂದಾಗೊಮ್ಮೆ ಮುಂದ ಹೋಗಿಬಿಡ್ತಿದ್ದೆ. ಇವ್ರಂತೂ ಅಲ್ಲ ಅಂತ."

ಸುರೇಶನಿಗೆ ಹೇಳಲು ಒಂದೇ ಒಂದು ಮಾತಿತ್ತು: ಆ ಒಡಕು ಚಂದವಿತ್ತು, ಅದಕ್ಕೇ ಕಳಿಸಿದೆ. ಅದು ನಿಜವಾಗಿತ್ತು. ಆ ಮನೆಯಲ್ಲಿ, ಆ ಎಡಗೈಯ ಮುಂದೆ, ಆ ಕೆಂಪು ಕಣ್ಣುಗಳ ಮುಂದೆ ಅದನ್ನು ಆಡಲು ಬರುವಂತಿರಲಿಲ್ಲ. ಯೂಸುಫಸಾಬ ಮಗನ ಕಡೆ ಬಲಗೈ ಚಾಚಿದರು. ಮಗ ಹಿಡಿದುಕೊಳ್ಳಲಿಲ್ಲ, ಎದ್ದು ಅಪ್ಪನ ಬೆನ್ನಿನ ಹಿಂದೆ ಜಾರಿದ್ದ ದಿಂಬನ್ನು ಸರಿಪಡಿಸಿದ. ಜಾನಕೀಬಾಯಿ ಹನೀಫನ ಮುಂದೆ ಕೈ ಜೋಡಿಸಿದರು. "ತಪ್ಪಾತೋ ಅಪ್ಪಾ ನಂದು. ಇವತ್ತು ಬಾ. ನೀನ ತಬಲಾ ಹಿಡಿ."

"ಕೈ ಹೋಗ್ಯಾವ್ರಿ ಅಮ್ಮಾ," ಎಂದು ಅವನು ಅಂಗೈ ತೋರಿಸಿದ. ಚೀಲ ಹೊಲಿಯುವ ದಬ್ಬಳ ಒತ್ತಿ ಒತ್ತಿ ಬೆರಳಿನ ಬುಡ ಗಂಟುಗಟ್ಟಿತ್ತು. "ನೀವು ಹೋಗ್ರಿ. ಛಲೋ ಹಾಡ್ರಿ."

ಕಾರಿನಲ್ಲಿ ಅವರು ಮತ್ತೆ ಮುಂದಿನ ಸೀಟಿನಲ್ಲೇ ಕೂತರು. ಇಳಿದು ಆಟೋ ಹಿಡಿಯುತ್ತಾರೆ, ವಿಕಾಸನಿಗೆ ಫೋನು ಮಾಡುತ್ತಾರೆ, ಏನಾದರೂ ಅನ್ನುತ್ತಾರೆ ಎಂದು ಸುರೇಶ ಓಣಿ ದಾಟುವವರೆಗೂ ಕಾದ. ಹೆದ್ದಾರಿ ಬಂತು. ಕಟಾವಾದ ಜೋಳದ ಹೊಲಗಳು, ಬೀಜದ ಕಂಪನಿಗಳ ಬೋರ್ಡುಗಳು ಒಂದಾದ ಮೇಲೊಂದು ಬಂದವು. ಹೇಳಿದರೆ ಹಗುರಾಗುತ್ತದೆ ಎಂದು ನಾಲ್ಕು ವರ್ಷ ಅಂದುಕೊಂಡಿದ್ದು ಸುಳ್ಳಾಗಿತ್ತು. ಮುಂಚೆ ತನಗಷ್ಟೇ ಗೊತ್ತಿದ್ದ ಸಣ್ಣ ಕೋಣೆಯಲ್ಲಿದ್ದ, ಈಗ ಅದರ ಗೋಡೆಗಳೆಲ್ಲ ಗಾಜಿನವಾಗಿದ್ದವು, ಬಾಗಿಲು ಮಾತ್ರ ಇನ್ನೂ ಇರಲಿಲ್ಲ. ರಾಣೆಬೆನ್ನೂರಿನ ಸಿಗ್ನಲ್ಲಿನಲ್ಲಿ ಅವರು ಕೇಳಿದರು: "ಹಿಂದ ತಂಬೂರಿ ಅದ. ನನ್ನ ಶಿಷ್ಯೆ ನಂದಿತಾಗ ಜ್ವರ, ಬಂದಿಲ್ಲ. ಕರೆಂಟಿನ ಶ್ರುತಿ ಡಬ್ಬಿ ಹಚ್ಚಿ ಹಾಡೂಣಂತ ಮಾಡಿದ್ದೆ. ನಿಮಗ ತಂಬೂರಿ ಮೀಟಾಕ ಬರ್ತದೇನು?"

ಬರುತ್ತದೆ ಎಂದು ಹೇಳಬಾರದಿತ್ತು. ಇಪ್ಪತ್ತರ ವಯಸ್ಸಿನಲ್ಲಿ ಹಾವೇರಿಯ ಒಬ್ಬ ಮಾಸ್ತರರ ಬಳಿ ಎರಡು ವರ್ಷ ಹೋಗಿದ್ದ. 'ನಿನಗ ಕಿವಿ ಅದ, ಗಂಟಲಿಲ್ಲ,' ಎಂದು ಅವರು ಅವನನ್ನು ಮೂಲೆಗೆ ಕೂಡಿಸಿ, ಉಳಿದವರು ಹಾಡುವಾಗ ತಂಬೂರಿ ಕೊಟ್ಟುಬಿಡುತ್ತಿದ್ದರು. "ಬರ್ತದರಿ," ಎಂದ.

"ಹಂಗಾರ ನೀವ ಕೂಡ್ರಿ."

ನಾಲ್ಕೂವರೆಗೆ ಕಛೇರಿ ಸುರುವಾಯಿತು. ಕಲ್ಯಾಣ ಮಂಟಪದ ಕುರ್ಚಿಗಳೆಲ್ಲ ತುಂಬಿದ್ದವು. ವೇದಿಕೆಯ ಮೇಲೆ ಸುರೇಶನನ್ನು ಕಂಡು ವಿಕಾಸ ಬಾಯಿ ತೆರೆದು, ಆಮೇಲೆ ಎರಡೂ ಹೆಬ್ಬೆರಳು ಎತ್ತಿ ತೋರಿಸಿದ. ಮೃಣಾಲಿನಿಯೂ ಬಸ್ಸಿಗೆ ಬಂದಿದ್ದಳು. ಎರಡನೆಯ ಸಾಲಿನಲ್ಲಿ ಕೂತು ಫೋನಿನಲ್ಲಿ ಅವನ ಚಿತ್ರ ತೆಗೆಯುತ್ತಿದ್ದಳು, ಹೆಮ್ಮೆಯಿಂದ ಅವಳ ಮುಖ ಅರಳಿತ್ತು. ಅವನು ನಾಲ್ಕು ತಂತಿಗಳನ್ನು ಒಂದರ ಹಿಂದೊಂದು ಮೀಟತೊಡಗಿದ. ಜಾನಕೀಬಾಯಿ ರೆಕಾರ್ಡಿನ ಮಾತನ್ನೇ ಎತ್ತಲಿಲ್ಲ. ಹತ್ತಾರು ಫೋನುಗಳು ಎದ್ದು ನಿಂತಿದ್ದವು. ಅವರು ಕಣ್ಣು ಮುಚ್ಚಿ ಮುಲ್ತಾನಿಯನ್ನೇ ಎತ್ತಿಕೊಂಡರು.

ಹಾಡುವವರ ಬೆನ್ನಿನ ಹಿಂದೆ ಕೂತವನಿಗೆ ಹಾಡು ಅರ್ಧವೇ ಕೇಳಿಸುತ್ತದೆ. ದನಿ ಅವನಿಂದ ಆಚೆಗೆ, ಸಭೆಯ ಕಡೆಗೆ ಹೋಗುತ್ತದೆ. ಅವನ ಪಾಲಿಗೆ ಬರುವುದು ತನ್ನದೇ ತಂತಿಯ ಗುಂಯ್‌ಗುಟ್ಟುವಿಕೆ ಮತ್ತು ಮುಂದಿರುವವರ ಉಸಿರು. ಅವರು ಎಲ್ಲಿ ಉಸಿರು ಕದಿಯುತ್ತಾರೆ, ಎಲ್ಲಿ ಬೆನ್ನಿನ ಮೂಳೆ ಬಿಗಿಯಾಗುತ್ತದೆ, ರವಿಕೆಯ ಮೇಲಂಚಿನಲ್ಲಿ ಬೆವರು ಹೇಗೆ ಗೆರೆಯಾಗಿ ಇಳಿಯುತ್ತದೆ ಎಂಬುದು ಅವನಿಗೆ ಮೂರನೆಯ ಸಾಲಿನಲ್ಲಿ ಎಂದೂ ಕಂಡಿರಲಿಲ್ಲ. ದನಿ ದಪ್ಪವಾಗಿತ್ತು, ಘಾಟು ಹಿಡಿದ ಗಂಟಲು ನಡುನಡುವೆ ಕರಕರ ಅನ್ನುತ್ತಿತ್ತು. ಮಂದ್ರ ಮುಗಿಸಿ ಮಧ್ಯಕ್ಕೆ ಬಂದರು. ಪಂಚಮದ ಮೇಲೆ ಬಹಳ ಹೊತ್ತು ನಿಂತರು. ಆಮೇಲೆ ಏರತೊಡಗಿದರು. ಅವರ ಬೆನ್ನು ಬಿಗಿಯಾಯಿತು. ಸುರೇಶನ ಬೆರಳೂ ಬಿಗಿಯಾಗಿ ತಂತಿ ಒಂದಿಷ್ಟು ಜೋರಾಗಿ ನುಡಿಯಿತು. ಎದ್ದು ಹೋಗುವಂತಿಲ್ಲ, ನಿಲ್ಲಿಸುವಂತಿಲ್ಲ, ಕಣ್ಣು ಮುಚ್ಚಿದರೂ ಕಿವಿ ಮುಚ್ಚುವಂತಿಲ್ಲ. ಮೇಲಿನ ಷಡ್ಜಕ್ಕೆ ಒಂದು ಮೆಟ್ಟಿಲು ಕೆಳಗಿನ ನಿಷಾದ ಬಂತು. ಎದುರಿಗಿದ್ದ ಫೋನುಗಳು ಇನ್ನಷ್ಟು ಮೇಲೆದ್ದವು. ಒಡೆಯುವುದನ್ನು ನೋಡಲು ಬಂದವರೂ ಇದ್ದರು. ಜಾನಕೀಬಾಯಿ ನಿಷಾದವನ್ನು ಸಣ್ಣಗೆ, ಕೂದಲೆಳೆಯಷ್ಟು ಸಣ್ಣಗೆ ಮಾಡಿ, ಅಲ್ಲಿಯೇ ಬಿಟ್ಟರು. ಬಿಟ್ಟು, ಬಲಗೈಯನ್ನು ಹಿಂದಕ್ಕೆ, ಅವನ ಕಡೆಗೆ ಚಾಚಿದರು.

ಆ ಖಾಲಿಯಲ್ಲಿ ತಂಬೂರಿಯ ಷಡ್ಜವೊಂದೇ ನುಡಿಯುತ್ತಿತ್ತು. ಅವರು ಮುಟ್ಟಬೇಕಾಗಿದ್ದ ಸ್ವರವನ್ನು ಸುರೇಶ ಮೀಟುತ್ತಿದ್ದ. ಸಭೆ 'ವಾಹ್' ಎಂದಿತು, ವಿಕಾಸ ತಲೆ ತೂಗಿದ, ಯಾರಿಗೂ ಕೊರತೆ ಕಾಣಲಿಲ್ಲ. ಮತ್ತೊಮ್ಮೆ ಏರಿದರು, ಮತ್ತೆ ನಿಷಾದದಲ್ಲಿ ಬಿಟ್ಟು ಕೈ ಚಾಚಿದರು. ಮತ್ತೊಮ್ಮೆ. ಒಂದು ತಾಸಿನ ರಾಗದಲ್ಲಿ ಮೇಲಿನ ಷಡ್ಜವನ್ನು ಅವರು ಒಂದು ಸಲವೂ ಹಾಡಲಿಲ್ಲ. ಹಾಡಲಾರರೋ, ಹಾಡುವುದಿಲ್ಲವೋ, ಬೆನ್ನು ನೋಡಿ ತಿಳಿಯುವಂತಿರಲಿಲ್ಲ. ಅವನ ತೋರುಬೆರಳಿನ ಚರ್ಮ ಸುಲಿದು ತಂತಿಗೆ ಅಂಟುತ್ತಿತ್ತು.

ಮುಗಿದ ಮೇಲೆ ಜನ ಮುತ್ತಿಕೊಂಡರು. ಕಾಲು ಮುಟ್ಟಿದರು, ಚಿತ್ರ ತೆಗೆಸಿಕೊಂಡರು, ಯಾರೋ ಕಾಗದ ಚಾಚಿದರು, "ಯಾ ಊರು?" ಎಂದು ಜಾನಕೀಬಾಯಿ ಕೇಳುವುದು ಅವನಿಗೆ ಕೇಳಿಸಿತು. ಮೃಣಾಲಿನಿ ಬಂದು, "ಎಷ್ಟ ಚಂದ ಕಾಣಸ್ತಿದ್ರಿ," ಎಂದು ಅವನ ಮೊಣಕೈ ಹಿಡಿದಳು. ಅವನು ತಂಬೂರಿಗೆ ಗವಸು ಹಾಕುತ್ತಿದ್ದ, ಸುಲಿದ ಬೆರಳಿಗೆ ದಾರ ಗಂಟಾಗುತ್ತಿರಲಿಲ್ಲ. ಗುಂಪು ಕರಗಿದ ಮೇಲೆ ಅವರು ಅವನ ಹತ್ತಿರ ಬಂದು ನಿಂತರು. ಮುಖದಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. ಸಾಥಿದಾರರೊಡನೆ ಕೆಲಸದ ಮಾತಾಡುವವರ ದಣಿವಷ್ಟೇ ಇತ್ತು.

"ಮುಂದಿನ ತಿಂಗಳ ಹನ್ನೆರಡಕ್ಕ ಗದಗ ಅದ. ಆಮ್ಯಾಲೆ ಹುಬ್ಬಳ್ಳಿ," ಎಂದರು. "ನೀವು ಬರಬೇಕು."

"ನಂದಿತಾ ಅವರು ಆರಾಮ ಆಗ್ತಾರಲ್ರಿ, ಬಾಯೀ..."

"ಆಗ್ತಾಳ. ಆದ್ರೂ ನೀವ ಬರ್ರಿ. ನಾ ಬಿಟ್ಟ ಷಡ್ಜ ಇನ್ನ ಮ್ಯಾಲೆ ಎಲ್ಲಾ ಕಡೆ ನೀವ ಮೀಟಬೇಕು."

ಮೃಣಾಲಿನಿ ಸಂತೋಷಕ್ಕೆ ಎರಡೂ ಕೈ ಬಾಯಿಗೆ ಇಟ್ಟುಕೊಂಡಳು. ಮೂವತ್ತು ವರ್ಷದ ಹಿಂದೆ, ಹತ್ತು ವರ್ಷದ ಹಿಂದೆ, ಈ ಮಾತಿಗೆ ಅವನು ಅಂಗಡಿ ಮಾರಿ ಹೊರಟುಬಿಡುತ್ತಿದ್ದ. ಈಗ ಅವನು ಬಾಗಿಲಿನ ಕಡೆ ನೋಡಿದ. ಕುರ್ಚಿ ಮಡಚುವವರು ಅಡ್ಡ ನಿಂತಿದ್ದರು. ಜಾನಕೀಬಾಯಿ ಉತ್ತರಕ್ಕಾಗಿ ಕಾಯುತ್ತಿದ್ದರು. "ಆತ್ರಿ," ಎಂದ ಸುರೇಶ, ತಂಬೂರಿಯನ್ನು ಹೆಗಲಿಗೆ ಏರಿಸಿಕೊಳ್ಳುತ್ತ.